ಒಂದು ದೀರ್ಘ

ವುಚ್ ಎಂದರೆ ಪೋಲಿಷ್ ಮಾತಿನಲ್ಲಿ ದೋಣಿ.
ಊರಲ್ಲಿ ದೋಣಿ ಬಿಡುವಷ್ಟು ಹೊಳೆ ಕಾಣುವುದಿಲ್ಲ;
ಇದ್ದವನ್ನು ಕೊಳವೆಗೆ ತುರುಕಿ
ಮೇಲೆ ಟ್ರಾಮಿನ ಹಳಿ ಹಾಸಿದ್ದಾರೆ.
ಮೊದಲು, ಬೊಗುಮಿವಾ ಹೇಳುತ್ತಾಳೆ,
ನೀರಿನ ಬಣ್ಣ ನೋಡಿ ವಾರ ಹೇಳಬಹುದಿತ್ತಂತೆ:
ಸೋಮವಾರ ನೀಲಿ, ಗುರುವಾರ ಕೆಂಪು,
ಬಣ್ಣದ ಗಿರಣಿಯಿಂದ ಬರುವ ಅಮ್ಮನ ಕೈ ಮಾತ್ರ
ವಾರವಿಡೀ ಹಳದಿ.

ಈಗ ಅವಳಿಗೆ ಐವತ್ತೆಂಟು. ಕೆಲಸ,
ನಾಲ್ಕನೇ ಮಹಡಿಯಲ್ಲಿ ಇಲಿ ನೋಡಿಕೊಳ್ಳುವುದು.
ಬೆಳಿಗ್ಗೆ ಆರಕ್ಕೆ ಬಾಟಲಿ ಬದಲು,
ಶುಕ್ರವಾರ ತೂಕ.
ಎಡಸಾಲಿಗೆ ಬರಿ ನೀರು.
ಬಲಸಾಲಿಗೆ ನೀರಿನಲ್ಲಿ ಚಿಟಿಕೆಗೂ ಕಡಿಮೆ ಅದು.
ಬಣ್ಣವಿಲ್ಲ, ವಾಸನೆಯಿಲ್ಲ,
ಚೀಟಿ ಕಿತ್ತರೆ ದೇವರಿಗೂ ಗುರುತು ಸಿಗದು.
ಹೀಗೆ ನೂರ ನಾಲ್ಕು ವಾರ.
ಮೊದಲ ತಿಂಗಳು ಏನೂ ಆಗುವುದಿಲ್ಲ.
ಹತ್ತನೇ ತಿಂಗಳೂ ಏನೂ ಆಗುವುದಿಲ್ಲ.
ಬಲಸಾಲಿನ ಇನ್ನೂರ ಹನ್ನೆರಡು, ಹೆಣ್ಣಿಲಿ,
ಅವಳ ಕೈಗವಸಿನ ಬೆರಳು ಹಿಡಿದು
ಚೀಲದಲ್ಲಿ ಏನು ತಂದೆ ಎನ್ನುವ ಮಗುವಿನಂತೆ ಮೂಸುತ್ತದೆ.

ನನ್ನ ನುಡಿಯಲ್ಲಿ ಇಲಿಗೂ ಈಲಿಗೂ
ಒಂದೇ ದೀರ್ಘದ ಅಂತರ.
ಎಳೆದರೆ ಸಾಕು,
ಓಡಾಡುವ ಜೀವ ತಟ್ಟೆಯ ಮೇಲಿನ ಕಗ್ಗೆಂಪು ತುಂಡು.
ಮಾಂಸದಂಗಡಿಯವ ಕೇಳುತ್ತಾನಲ್ಲ, ಈಲಿ ಹಾಕಲಾ ಅಂತ,
ಅದೇ ಈಲಿ: ಮೈಗೆ ಬಂದ ನಂಜನ್ನೆಲ್ಲ
ಹಿರೀಸೊಸೆಯ ಹಾಗೆ ಸದ್ದಿಲ್ಲದೆ ಅರೆಯುವುದು.
ಕೆಲವು ನಂಜು ಅರೆದಷ್ಟೂ ಹರಿತ.
ಮೊನೆ ಬಂದದ್ದು ಕಣದ ಒಳಮನೆ ಹೊಕ್ಕು
ಕೋಟಿ ಕೋಟಿ ಅಕ್ಷರದ ಓಲೆಗೆ ಕೈಯಿಕ್ಕುತ್ತದೆ.
ಒಂದು ಕೊಂಬು ಮುರಿಯುತ್ತದೆ,
ಒಂದು ತಲೆಕಟ್ಟು ಹಾರುತ್ತದೆ,
ಎಲ್ಲೋ ಬೇಡದ ಒತ್ತು ಬೀಳುತ್ತದೆ.
ತಿದ್ದುವವರಿದ್ದಾರೆ ಒಳಗೆ, ರಾತ್ರಿಯಿಡೀ ತಿದ್ದುತ್ತಾರೆ;
ಬೆಳಿಗ್ಗೆ ಆರಕ್ಕೆ ಬಾಟಲಿ ಮತ್ತೆ ತುಂಬಿರುತ್ತದೆ.

ಕೊನೆಯ ವಾರ ಡಾಕ್ಟರ್ ತ್ಸೆಲಿನಾ
ಈಲಿಯ ಕಣಗಳನ್ನು ಗಾಜಿನ ಮೇಲೆ, ಜೆಲ್ಲಿಯಲ್ಲಿ ಹೂತು
ಕರೆಂಟು ಹರಿಸಿದಳು. ಕೋಣೆ ಕತ್ತಲು ಮಾಡಿದಳು.
ಓಲೆ ಗಟ್ಟಿಯಿದ್ದರೆ ಹುಣ್ಣಿಮೆ, ದುಂಡಗೆ.
ಚೂರಾಗಿದ್ದರೆ ಚೂರೆಲ್ಲ ಮುಂದಕ್ಕೆ ಜಾರಿ ಬಾಲಚುಕ್ಕೆ.
“ಬಾ, ನೀನೂ ನೋಡು.”
ಬೊಗುಮಿವಾ ಕಣ್ಣಿಟ್ಟಳು. ಕಪ್ಪು ಬಾನು,
ಹಸಿರು ಬಾಲ ಬೀಸಿ ಹೊರಟ ಚುಕ್ಕೆ ಮೇಲೆ ಚುಕ್ಕೆ.
ಎಷ್ಟು ಚೆಂದ, ಅಂದುಬಿಟ್ಟು
ನಾಲಿಗೆ ಕಚ್ಚಿಕೊಂಡಳು.
ಬಾಲಚುಕ್ಕೆ ಮೂಡಿದರೆ ಅರಸನಿಗೆ ಕೇಡಂತೆ.
ಇಲ್ಲಿ ಅರಸರು ಯಾರೂ ಇರಲಿಲ್ಲ,
ಗಾಜಿನಂಚಿಗೆ ಒಂದು ಗುಪ್ತಸಂಖ್ಯೆ.
“ಇದು ಇನ್ನೂರ ಹನ್ನೆರಡಾ?”
“ಗೊತ್ತಿಲ್ಲ. ಎಣಿಸಿ ಮುಗಿಯುವ ತನಕ ಗೊತ್ತಾಗಲೂಬಾರದು.
ಗೊತ್ತಿದ್ದರೆ ಕಣ್ಣು ಸುಳ್ಳು ಹೇಳುತ್ತದೆ.”

ಗುಟ್ಟು ಬಿಚ್ಚಿದಾಗ ಬಾಲಗಳು ಹೆಚ್ಚು ಬಲಸಾಲಿನವು.
ಎಡದಲ್ಲೂ ಕೆಲವು; ಮುಪ್ಪಿಗೂ ಬಾಲ ಬರುತ್ತದೆ.
ವರದಿಯ ಕೊನೆಗೆ ತ್ಸೆಲಿನಾ ಬರೆದಳು:
ಹಾನಿ ಮಾಡಬಹುದು.
ಆ ‘ಬಹುದು’ವಿಗೆ ಕಾರ್ಖಾನೆಯ ವಕೀಲರು ಜೋತುಬಿದ್ದರು.
ಅಳಿಸು, ಎಂದರು ಗೆಳೆಯರು. ಅವಳು ಅಳಿಸಲಿಲ್ಲ.
ತಾನು ಕಂಡದ್ದು ಅಷ್ಟೇ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಅಮ್ಮ ಅರವತ್ತೊಂದಕ್ಕೆ ಹೋದಳು, ಕೊನೆಗೆ ಕಣ್ಣೂ ಹಳದಿ.
ಆಸ್ಪತ್ರೆಯ ಹಾಳೆಯಲ್ಲಿ ಕಾರಣದ ಸಾಲಿಗೆ
ಯಾರೋ ಗೀಚಿದ್ದಾರೆ: ಕುಡಿತ?
ಹೆಸರಿನ ಹಬ್ಬಕ್ಕೆ ಒಂದು ಲೋಟ ಚೆರ್ರಿ ಮದ್ಯ,
ಅದೂ ಅರ್ಧ ಉಳಿಸುತ್ತಿದ್ದಳು.
ಬೊಗುಮಿವಾ ಯಾರನ್ನೂ ಬಯ್ಯುವುದಿಲ್ಲ.
ಒಮ್ಮೆ ಮಾತ್ರ, ಬಾಟಲಿ ತೊಳೆಯುತ್ತ ಅಂದಳು:
ಅಮ್ಮನಿಗೆ ಎಡಸಾಲು ಇರಲಿಲ್ಲ.

ಮಂಗಳವಾರ ಹೊಸ ಮರಿಗಳು ಬಂದವು,
ಕಿವಿಗಳು ಇನ್ನೂ ಗುಲಾಬಿ, ಸಂಖ್ಯೆ ಬಿದ್ದಿಲ್ಲ.
ಎರಡು ಬಾಟಲಿ ಎತ್ತಿ ಕಿಟಕಿಗೆ ಹಿಡಿದಳು.
ಎರಡೂ ತಿಳಿ.
ಆರೂ ಕಾಲು. ಕೆಳಗೆ ಮೊದಲ ಟ್ರಾಮು,
ಅದರ ಕೆಳಗೆ ಹೊಳೆ.